ಹಸಿರು ನೆತ್ತಿ, ಕೆಂಪು ನೆತ್ತಿ: ಘಟ್ಟದ ಚಿಟ್ಟುಗಿಳಿ ಮತ್ತು ಸಿಂಹಳದ ಚಿಟ್ಟುಗಿಳಿ



ದತ್ತಿ ಉಪನ್ಯಾಸಕ್ಕೆ ಗುಬ್ಬಿ ಗಾತ್ರದ ಗಿಳಿಯನ್ನು ಆರಿಸಿಕೊಂಡಿದ್ದೇನೆ ಎಂದಾಗ ಸಂಘಟಕರು ಒಂದು ಕ್ಷಣ ಸುಮ್ಮನಾದರು. ಹುಲಿ, ಆನೆ, ಹೋಗಲಿ ಮಂಗಟ್ಟೆ ಎಂದಿದ್ದರೂ ಕುರ್ಚಿಗಳು ತುಂಬುತ್ತಿದ್ದವು. ಆದರೆ ಪ್ರಾಣಿಶಾಸ್ತ್ರದ ಪಾಠ ಹೇಳಿಕೊಂಡು ಬಂದ ನನ್ನಂಥವನಿಗೆ ಒಂದು ದೊಡ್ಡ ಪ್ರಾಣಿಗಿಂತ, ಒಂದನ್ನೊಂದು ಹೋಲುವ ಎರಡು ಸಣ್ಣ ಪ್ರಾಣಿಗಳ ಮೇಲೇ ಕಣ್ಣು. ಹುಲಿಯನ್ನು ನೋಡಿದರೆ ಹುಲಿ ಹೇಗಿದೆ ಎಂಬುದು ತಿಳಿಯುತ್ತದೆ. ಜೋಡಿಯನ್ನು ಎದುರುಬದುರು ಇಟ್ಟು ನೋಡಿದರೆ ಜೀವಗಳು ಹೇಗೆ ಬೇರೆಯಾದವು ಎಂಬ ಪ್ರಶ್ನೆ ಏಳುತ್ತದೆ. ಇಂದಿನ ಮಾತು ಅಂಥ ಒಂದು ಜೋಡಿಯನ್ನು ಕುರಿತದ್ದು.

ಒಂದು ನಮ್ಮ ಚಿಟ್ಟುಗಿಳಿ. ಲೋರಿಕ್ಯುಲಸ್ ವರ್ನಾಲಿಸ್ ಎಂಬುದು ಅದರ ವೈಜ್ಞಾನಿಕ ಹೆಸರು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡು-ತೋಟಗಳಲ್ಲಿ ಓಡಾಡಿದವರು ಇದನ್ನು ನೋಡದಿದ್ದರೂ ಕೇಳಿಯೇ ಇರುತ್ತಾರೆ. ತಲೆಯ ಮೇಲೆ ಚೀ-ಚೀ-ಚೀ ಎಂದು ಚೂಪಾಗಿ ಕೂಗಿಕೊಂಡು ಹಾರಿಹೋದದ್ದು ಅದೇ. ಇನ್ನೊಂದು ಶ್ರೀಲಂಕಾದ ಚಿಟ್ಟುಗಿಳಿ, ಲೋರಿಕ್ಯುಲಸ್ ಬೆರಿಲಿನಸ್. ಸಿಂಹಳೀಯರು ಗಿರಾಮಲಿತ್ತಾ ಎನ್ನುವ ಇದು ಆ ದ್ವೀಪ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲಿಯೂ ಇಲ್ಲ. ಅಲ್ಲಿಯ ಸಾವಿರ ರೂಪಾಯಿ ನೋಟಿನ ಮೇಲೂ ಅದರ ಚಿತ್ರವಿದೆ.

ಈ ಎರಡನ್ನು ಬೇರೆ ಮಾಡಿದ್ದು ನಡುವಿನ ಸಮುದ್ರ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಪಾಠದಲ್ಲೂ ಹಾಗೇ ಹೇಳಿಕೊಡುತ್ತೇವೆ. ಸಮುದ್ರಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ಒಣನೆಲ ಎಂಬುದು ನನ್ನ ವಾದ. ಅದಕ್ಕೆ ಬರುವ ಮೊದಲು ಹಕ್ಕಿಗಳನ್ನು ಸರಿಯಾಗಿ ನೋಡೋಣ.

ಈ ಎರಡು ಹಕ್ಕಿಗಳ ಚರಿತ್ರೆಯಲ್ಲಿ ಒಂದು ತಮಾಷೆಯ ಕಾಕತಾಳೀಯವಿದೆ. 1772ರಲ್ಲಿ ಕ್ಯಾಪ್ಟನ್ ಕುಕ್ ತನ್ನ ಎರಡನೆಯ ಯಾನಕ್ಕೆ ಹೊರಟಾಗ ರೆಸಲ್ಯೂಷನ್ ಹಡಗಿನಲ್ಲಿ ಪ್ರಕೃತಿವಿಜ್ಞಾನಿಯಾಗಿದ್ದವನು ಯೋಹಾನ್ ರೈನ್‌ಹೋಲ್ಡ್ ಫಾರ್ಸ್ಟರ್. ಹಡಗು ಆಫ್ರಿಕಾದ ಕೇಪ್ ತಲುಪಿದಾಗ ಅಲ್ಲಿದ್ದ ಸ್ವೀಡನ್ನಿನ ತರುಣ ಆಂಡರ್ಸ್ ಸ್ಪಾರ್ಮನ್‌ನನ್ನು ಸಹಾಯಕನಾಗಿ ಹತ್ತಿಸಿಕೊಂಡ. ಸ್ಪಾರ್ಮನ್ ಲಿನೇಯಸ್‌ನ ಶಿಷ್ಯ. ಇಬ್ಬರೂ ಸೇರಿ ದಕ್ಷಿಣ ಸಾಗರದ ಹಿಮ, ಪೆಸಿಫಿಕ್ ದ್ವೀಪಗಳು ಎಲ್ಲವನ್ನೂ ಸುತ್ತಿದರು. ಆ ಹಡಗು ಭಾರತಕ್ಕೂ ಬರಲಿಲ್ಲ, ಸಿಂಹಳಕ್ಕೂ ಹೋಗಲಿಲ್ಲ. ಊರಿಗೆ ಮರಳಿದ ಮೇಲೆ 1781ರಲ್ಲಿ ಫಾರ್ಸ್ಟರ್ ಸಿಂಹಳದ ಗಿಳಿಗೆ ಹೆಸರಿಟ್ಟ. 1787ರಲ್ಲಿ ಸ್ಪಾರ್ಮನ್ ನಮ್ಮ ಗಿಳಿಗೆ ಹೆಸರಿಟ್ಟ. ಒಂದೇ ಹಡಗಿನ ಇಬ್ಬರು ಆರು ವರ್ಷದ ಅಂತರದಲ್ಲಿ, ಒಂದೇ ಕುಲದ ಎರಡು ಹಕ್ಕಿಗಳನ್ನು ಬೇರೆಬೇರೆ ಪುಸ್ತಕಗಳಲ್ಲಿ ದಾಖಲಿಸಿದರು. ಆಗ ಇವೆಲ್ಲ ಸಿಟ್ಟಾಕಸ್ ಎಂಬ ಒಂದೇ ಹೆಸರಿನಡಿ ಇದ್ದವು. ಜಗತ್ತಿನ ಗಿಳಿಗಳೆಲ್ಲ ಹೆಚ್ಚುಕಡಿಮೆ ಸಿಟ್ಟಾಕಸ್ಸೇ. ತಲೆಕೆಳಗಾಗಿ ನೇತಾಡುವ ಚಿಟ್ಟುಗಿಳಿಗಳಿಗೆ ಲೋರಿಕ್ಯುಲಸ್ ಎಂಬ ಪ್ರತ್ಯೇಕ ಕುಲವನ್ನು ಮಾಡಿದವನು ಎಡ್ವರ್ಡ್ ಬ್ಲೈತ್, 19ನೇ ಶತಮಾನದ ನಡುವೆ, ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದಾಗ.

ಈಗ ಹಕ್ಕಿಗಳು. ಎರಡೂ ಹದಿನಾಲ್ಕು ಸೆಂಟಿಮೀಟರ್ ಆಸುಪಾಸಿನವು. ಬಾಲ ಮೋಟು. ಮೈಯೆಲ್ಲ ಎಳೆಹುಲ್ಲಿನ ಹಸಿರು, ಕೆಂಪು ಕೊಕ್ಕು, ಸೊಂಟದಿಂದ ಬಾಲದ ಬುಡದವರೆಗೆ ಗಾಢ ಕೆಂಪು. ಹಾರುವಾಗ ಹಿಂದಿನಿಂದ ಕಂಡರೆ ಆ ಕೆಂಪು ಬೆನ್ನೊಂದೇ ಕಣ್ಣಿಗೆ ಬೀಳುವುದು. ಬಾಲದ ಕೆಳಮೈ ಎರಡರಲ್ಲೂ ತಿಳಿನೀಲಿ. ನಮ್ಮ ಗಿಳಿಯ ಗಂಡಿಗೆ ಗಂಟಲಲ್ಲಿ ನೀಲಿ ಮಚ್ಚೆ ಇದೆ. ಹೆಣ್ಣಿಗೆ ಅದು ಇರುವುದಿಲ್ಲ, ಇದ್ದರೂ ಲೇಶ ಮಾತ್ರ. ಸಿಂಹಳದ ಗಿಳಿಯಲ್ಲೂ ಗಂಟಲು ನೀಲಿಯೇ, ತುಸು ಪೇಲವ. ಹೆಣ್ಣಿನಲ್ಲಿ ಇನ್ನೂ ಕಡಿಮೆ. ಕಣ್ಣಿಗೆ ಹೊಡೆಯುವ ವ್ಯತ್ಯಾಸವಿರುವುದು ತಲೆಯಲ್ಲಿ. ಸಿಂಹಳದ ಗಿಳಿಯ ಹಣೆ ಮತ್ತು ನೆತ್ತಿ ಕೆಂಪು. ಆ ಕೆಂಪು ಹಿಂದಲೆಗೆ ಇಳಿಯುತ್ತ ಕಿತ್ತಳೆಯಾಗುತ್ತದೆ, ಬೆನ್ನಿನ ಮೇಲ್ಭಾಗಕ್ಕೆ ಬಂದಾಗ ಹಸಿರಿನ ಮೇಲೆ ಹೊನ್ನಿನ ಛಾಯೆಯಾಗಿ ಕರಗಿಹೋಗುತ್ತದೆ. ನಮ್ಮದರ ತಲೆ ಬರೀ ಹಸಿರು.

ಇಲ್ಲಿಗೆ ಮುಗಿದಿದ್ದರೆ ಗುರುತಿಸುವುದು ಮಕ್ಕಳಾಟವಾಗುತ್ತಿತ್ತು. ಸಿಂಹಳದ ಮರಿಗಿಳಿಗೆ ಈ ಕೆಂಪು ಟೊಪ್ಪಿಗೆ ಇರುವುದಿಲ್ಲ ಎಂಬುದರಲ್ಲಿ ಸ್ವಾರಸ್ಯವಿದೆ. ಗೂಡು ಬಿಟ್ಟು ಹೊರಬಿದ್ದ ಎಳೆಹಕ್ಕಿಯ ನೆತ್ತಿ ಹಸಿರೇ, ಗಂಟಲಿನ ನೀಲಿ ಮಸುಕು, ಕೊಕ್ಕು ಮಾಸಲು. ಆ ಪ್ರಾಯದಲ್ಲಿ ಅದನ್ನು ನಮ್ಮ ಹೆಣ್ಣುಗಿಳಿಯ ಪಕ್ಕ ಇಟ್ಟರೆ ಪಳಗಿದ ಕಣ್ಣೂ ತಡವರಿಸುತ್ತದೆ. ಬೆಳೆಯುತ್ತ ಕೆಂಪು ತುಂಬಿಕೊಳ್ಳುತ್ತದೆ. ಮರಿಯಲ್ಲಿ ಕಾಣುವುದು ಪೂರ್ವಜರ ರೂಪ ಎಂದು ಹಳೆಯ ಕಾಲದ ಜೀವಶಾಸ್ತ್ರಜ್ಞರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಿದ್ದರು. ನಾನು ಅಷ್ಟು ಧೈರ್ಯ ಮಾಡುವುದಿಲ್ಲ. ಮರಿಗಳು ಮಾಸಲಾಗಿರುವುದಕ್ಕೆ ಹದ್ದು-ಹಾವುಗಳ ಕಣ್ಣು ತಪ್ಪಿಸುವುದು ಎಂಬ ಸರಳ ಕಾರಣವೂ ಸಾಕು. ಆದರೂ ಎರಡರ ಮೂಲ ಒಂದೇ ಎಂದು ಊಹಿಸುವುದಕ್ಕೆ ಮರಿಯ ಹಸಿರು ನೆತ್ತಿ ಅಡ್ಡಿ ಮಾಡುವುದಿಲ್ಲ ಎಂದಷ್ಟು ಹೇಳಬಹುದು.

ನೆತ್ತಿಯ ಕೆಂಪು ಎಷ್ಟು ದೊಡ್ಡ ವ್ಯತ್ಯಾಸ? ಇದಕ್ಕೆ ಉತ್ತರ ಬೇಕಾದರೆ ಗರಿಯೊಳಗೆ ಇಳಿಯಬೇಕು. ಗಿಳಿಯ ಹಸಿರು ಹಸಿರು ದ್ರವ್ಯದಿಂದ ಬಂದದ್ದಲ್ಲ. ಗರಿಯಲ್ಲಿ ಹಳದಿ ವರ್ಣದ್ರವ್ಯವಿರುತ್ತದೆ. ಅದರ ಕೆಳಗೆ ಗಾಳಿರಂಧ್ರಗಳಿಂದ ಕೂಡಿದ ಕೆರಾಟಿನ್‌ನ ಸೂಕ್ಷ್ಮ ರಚನೆ ನೀಲಿ ಬೆಳಕನ್ನು ಚದುರಿಸುತ್ತದೆ. ಹಳದಿಯೂ ನೀಲಿಯೂ ಕೂಡಿ ನಮ್ಮ ಕಣ್ಣಿಗೆ ಹಸಿರು. ಹಳದಿ ದ್ರವ್ಯ ಬಾರದ ಕಡೆ ನೀಲಿಯೊಂದೇ ಉಳಿಯುತ್ತದೆ. ಗಂಡುಗಿಳಿಯ ಗಂಟಲಿನ ನೀಲಿ ಮಚ್ಚೆ ಎಂದರೆ ಬಣ್ಣ ಬಳಿದ ಜಾಗವಲ್ಲ, ಹಳದಿ ಬಳಿಯದೆ ಬಿಟ್ಟ ಜಾಗ. ಕೆಂಪಿಗೆ ಬೇರೆ ದ್ರವ್ಯ ಬೇಕು. ಫ್ಲೆಮಿಂಗೊ ಹಕ್ಕಿ ತನ್ನ ಗುಲಾಬಿ ಬಣ್ಣವನ್ನು ತಿನ್ನುವ ಆಹಾರದಿಂದ ಪಡೆಯುತ್ತದೆ. ಗಿಳಿಗಳು ಹಾಗಲ್ಲ, ತಮ್ಮ ಕೆಂಪು-ಹಳದಿಗಳನ್ನು ತಾವೇ ಗರಿಯ ಬುಡದಲ್ಲಿ ತಯಾರಿಸಿಕೊಳ್ಳುತ್ತವೆ. ಸಿಟ್ಟಾಕೋಫಲ್ವಿನ್ ಎನ್ನುವ ಈ ದ್ರವ್ಯಗಳು ಪಕ್ಷಿಗಳಲ್ಲಿ ಗಿಳಿಗಳಿಗಷ್ಟೇ ಮೀಸಲು. ಕೆಂಪುಹಣ್ಣು ತಿಂದು ಕೆಂಪಾಯಿತು ಎಂಬ ತೋಟದ ಮಾತು ಸತ್ಯವಲ್ಲ.

2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಿತು. ಕೆಂಪು ದ್ರವ್ಯದ ಅಣುವಿನ ತುದಿಯಲ್ಲಿ ಆಲ್ಡಿಹೈಡ್ ಗುಂಪು, ಹಳದಿಯ ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪು. ಮೊದಲನೆಯದನ್ನು ಎರಡನೆಯದಾಗಿ ಬದಲಿಸುವ ಒಂದು ಕಿಣ್ವ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಮೇಲೆ ಗರಿ ಹಳದಿಯೋ ಕೆಂಪೋ ಎಂಬುದು ನಿರ್ಧಾರವಾಗುತ್ತದೆ ಎಂದು ಆ ಸಂಶೋಧಕರು ತೋರಿಸಿದರು. ಅವರು ನೋಡಿದ್ದು ಮುಖ್ಯವಾಗಿ ನ್ಯೂಗಿನಿಯ ಲೋರಿಗಳನ್ನು, ನಮ್ಮ ಚಿಟ್ಟುಗಿಳಿಯನ್ನಲ್ಲ. ಆದರೆ ರಸಾಯನ ಎಲ್ಲ ಗಿಳಿಗಳಿಗೂ ಒಂದೇ. ಹಾಗಾಗಿ ಹಸಿರು ನೆತ್ತಿ ಕೆಂಪಾಗುವುದಕ್ಕೆ ದೊಡ್ಡ ಕ್ರಾಂತಿಯೇನೂ ಬೇಕಾಗಿಲ್ಲ. ನೆತ್ತಿಯ ಗರಿಗಳಲ್ಲಿ ಒಂದು ಕಿಣ್ವ ತುಸು ಮೈಗಳ್ಳತನ ಮಾಡಿದರೂ ಆದೀತು. ಕಣ್ಣಿಗೆ ದೊಡ್ಡದಾಗಿ ಕಾಣುವ ಗುರುತು ದೇಹದೊಳಗೆ ಚಿಕ್ಕದಿರಬಹುದು ಎಂಬುದನ್ನು ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ, ಪರೀಕ್ಷೆಗೆ ಬರದಿದ್ದರೂ.

ಬಣ್ಣ ಬಿಟ್ಟರೆ ಉಳಿದ ಬಾಳೆಲ್ಲ ಎರಡಕ್ಕೂ ಒಂದೇ ಎನ್ನಬೇಕು. ರಾತ್ರಿ ಇವು ತಲೆಕೆಳಗಾಗಿ ನೇತಾಡಿಕೊಂಡು ಮಲಗುತ್ತವೆ. ಬಾವಲಿಗಳನ್ನು ಬಿಟ್ಟರೆ ಹೀಗೆ ಮಲಗುವ ಜೀವಿಗಳನ್ನು ನೆನಪಿಸಿಕೊಳ್ಳುವುದು ಕಷ್ಟ. ಹಕ್ಕಿಗಳಲ್ಲಂತೂ ಇದು ಈ ಕುಲದ ಮುದ್ರೆ. ಏಕೆ ಎಂದು ಕೇಳಿದರೆ ಎಲೆಗಳ ನಡುವೆ ಎಲೆಯಾಗಿ ಮರೆಯಾಗುವುದಕ್ಕೆ ಎಂಬ ಉತ್ತರ ಸಿಗುತ್ತದೆ. ಒಪ್ಪುವಂಥದ್ದೇ, ಆದರೆ ಅದನ್ನು ಪ್ರಯೋಗ ಮಾಡಿ ತೋರಿಸಿದವರನ್ನು ನಾನು ಓದಿಲ್ಲ. ಕೆಂಪು ಬೆನ್ನಿರುವ ಹಕ್ಕಿ ತಲೆಕೆಳಗಾದರೆ ಆ ಕೆಂಪೇ ಮೇಲೆ ಬರುತ್ತದಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಒಣಗುವ ಮೊದಲು ಕೆಂಪಾಗುವ ಎಲೆಗಳೂ ಕಾಡಿನಲ್ಲಿವೆ ಎಂದು ಉತ್ತರ ಕೊಟ್ಟೆ, ಅವಳಿಗೆ ಅಷ್ಟೇನೂ ಒಪ್ಪಿಗೆಯಾಗಲಿಲ್ಲ.

ಹಗಲಿನಲ್ಲೂ ಅರ್ಧ ಹೊತ್ತು ತಲೆಕೆಳಗೇ. ಕಾಫಿ ತೋಟದಲ್ಲಿ ಹಾಲುವಾಣ ಹೂಬಿಟ್ಟಾಗ ನಿಂತು ನೋಡಿ. ಜನವರಿ-ಫೆಬ್ರವರಿಯಲ್ಲಿ ಎಲೆಯುದುರಿ ಬರೀ ಕೆಂಪು ಹೂವಿನ ಗೊಂಚಲುಗಳಿರುವಾಗ ಹಸಿರು ಹಕ್ಕಿ ಅಡಗಲು ಜಾಗವಿರುವುದಿಲ್ಲ. ಹಕ್ಕಿ ಗೊಂಚಲಿನ ತೊಟ್ಟನ್ನು ಒಂದು ಕಾಲಲ್ಲಿ ಹಿಡಿದು ಜೋಲುತ್ತದೆ, ಹೂವಿನ ಬುಡಕ್ಕೆ ಕೊಕ್ಕು ಹಾಕಿ ಹಿಸುಕುತ್ತದೆ, ಮಕರಂದ ನೆಕ್ಕಿ ಹೂವನ್ನು ಕೆಳಗೆ ಬಿಸಾಡುತ್ತದೆ. ಸೂರಕ್ಕಿಯ ಹಾಗೆ ಹೂವಿಗೆ ನೋವಾಗದಂತೆ ಹೀರುವ ನಾಜೂಕು ಇದಕ್ಕಿಲ್ಲ. ಮರದ ಕೆಳಗೆ ಜಜ್ಜಿದ ಹೂಗಳು ಬಿದ್ದಿದ್ದರೆ ಮೇಲೆ ಚಿಟ್ಟುಗಿಳಿ ಇದೆಯೆಂದೇ ಲೆಕ್ಕ. ಬೂರುಗದ ಹೂವು, ತೆಂಗಿನ ಹೊಂಬಾಳೆ, ಅತ್ತಿ-ಆಲಗಳ ಹಣ್ಣು, ಪೇರಳೆ, ಬಿದಿರಕ್ಕಿ ಇವೂ ಆಗುತ್ತವೆ. ಸಿಂಹಳದ ಗಿಳಿಗೂ ಇದೇ ಊಟ. ತೆಂಗಿನ ಹೊಂಬಾಳೆಯ ಮೇಲೆ ಅದಕ್ಕೆ ವಿಶೇಷ ಪ್ರೀತಿ. ಕ್ಯಾಂಡಿ ಬಳಿಯ ಪೇರಾದೆಣಿಯ ಸಸ್ಯೋದ್ಯಾನದಲ್ಲೂ ಆ ಸೀಮೆಯ ಮನೆಹಿತ್ತಿಲುಗಳಲ್ಲೂ ಅದು ಮಾಮೂಲು ಹಕ್ಕಿ.

ಕುಡಿತದಲ್ಲೂ ಎರಡಕ್ಕೂ ಸಾಮ್ಯವಿದೆ. ನಾವು ಬಗನಿ ಎನ್ನುವ ಮರವನ್ನು ಸಿಂಹಳೀಯರು ಕಿತುಲ್ ಎನ್ನುತ್ತಾರೆ. ಎರಡೂ ಕಡೆ ಅದರ ಗೊನೆ ಕೊಯ್ದು ಮಡಕೆ ಕಟ್ಟಿ ರಸ ಇಳಿಸುವ ರೂಢಿಯಿದೆ. ಮಡಕೆಯ ಅಂಚಿಗೆ ಜೋತು ಹುಳಿಬಂದ ಕಳ್ಳು ಕುಡಿದು ಅಮಲೇರಿದ ಗಿಳಿಗಳ ಬಗ್ಗೆ 19ನೇ ಶತಮಾನದ ಸಿಂಹಳದ ಪಕ್ಷಿವೀಕ್ಷಕರೂ ಬರೆದಿದ್ದಾರೆ, ನಮ್ಮ ಕಡೆಯ ಪುಸ್ತಕಗಳಲ್ಲೂ ಇದೆ. ಮಕರಂದ ನೆಕ್ಕಲು ಕಲಿತ ನಾಲಿಗೆಗೆ ಮಡಕೆಯೂ ಒಂದು ದೊಡ್ಡ ಹೂವೇ ಆಗಿ ಕಂಡಿರಬೇಕು.

ಮಕರಂದ ಕುಡಿಯುವ ಚಾಳಿಯಿಂದಾಗಿ ಹಿಂದಿನವರು ಇವನ್ನು ಆಸ್ಟ್ರೇಲಿಯಾ-ನ್ಯೂಗಿನಿ ಕಡೆಯ ಲೋರಿಗಳ ಬಂಧುಗಳೆಂದೇ ಭಾವಿಸಿದ್ದರು. ಡಿಎನ್‌ಎ ಪರೀಕ್ಷೆಗಳು ಬೇರೆ ನಂಟನ್ನು ತೋರಿಸಿದವು: ಇವುಗಳಿಗೆ ಹೆಚ್ಚು ಹತ್ತಿರದವು ಆಫ್ರಿಕಾದ ಲವ್‌ಬರ್ಡ್‌ಗಳು, ಲೋರಿಗಳು ಅದಾದ ಮೇಲೆ. ಇದಕ್ಕೆ ಒಂದು ಸಾಕ್ಷಿ ಡಿಎನ್‌ಎಗೂ ಮುಂಚೆ ಕಣ್ಣೆದುರೇ ಇತ್ತು. ಗೂಡು ಮಾಡುವ ಕಾಲದಲ್ಲಿ ಹೆಣ್ಣು ಚಿಟ್ಟುಗಿಳಿ ಎಲೆಯಂಚಿನಿಂದಲೋ ತೊಗಟೆಯಿಂದಲೋ ಪಟ್ಟಿ ಕತ್ತರಿಸುತ್ತದೆ. ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗುವುದಿಲ್ಲ. ಕತ್ತನ್ನು ಹಿಂದಕ್ಕೆ ತಿರುಗಿಸಿ, ಸೊಂಟದ ಗರಿಗಳನ್ನು ಉಬ್ಬಿಸಿ, ಪಟ್ಟಿಯನ್ನು ಅವುಗಳ ನಡುವೆ ಸಿಕ್ಕಿಸಿಕೊಳ್ಳುತ್ತದೆ. ಆಮೇಲೆ ಗರಿಗಳನ್ನು ಒತ್ತಿ ಕೂರಿಸುತ್ತದೆ. ಇನ್ನೊಂದು ಪಟ್ಟಿ, ಮತ್ತೊಂದು. ಸಾಕಷ್ಟಾದ ಮೇಲೆ ಹಾರಿ ಮರದ ಪೊಟರೆಗೆ ಹೋಗಿ ಒಳಗೆ ಹಾಸುತ್ತದೆ. ದಾರಿಯಲ್ಲಿ ಒಂದೆರಡು ಉದುರುವುದೂ ಉಂಟು. ಲವ್‌ಬರ್ಡ್‌ಗಳ ಕೆಲವು ಪ್ರಭೇದಗಳು ಮಾಡುವುದೂ ಹೀಗೇ.

ಅದೇ ಲವ್‌ಬರ್ಡ್‌ಗಳ ಮೇಲೆ 1960ರ ಆಸುಪಾಸಿನಲ್ಲಿ ವಿಲಿಯಂ ಡಿಲ್ಗರ್ ಎಂಬ ವಿಜ್ಞಾನಿ ಮಾಡಿದ ಪ್ರಯೋಗ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗರಿಯಲ್ಲಿ ಸಿಕ್ಕಿಸಿಕೊಳ್ಳುವ ಪ್ರಭೇದವನ್ನು ಕೊಕ್ಕಿನಲ್ಲಿ ಒಯ್ಯುವ ಪ್ರಭೇದದೊಡನೆ ಕೂಡಿಸಿ ಆತ ಮಿಶ್ರ ಮರಿಗಳನ್ನು ಪಡೆದ. ಆ ಹಕ್ಕಿಗಳು ಪಟ್ಟಿ ಕತ್ತರಿಸಿ ಸೊಂಟಕ್ಕೆ ಸಿಕ್ಕಿಸಲು ಹೋಗುತ್ತಿದ್ದವು, ಸಿಕ್ಕಿಸಿ ಕೊಕ್ಕು ಬಿಡಲಾರದೆ ಮತ್ತೆ ಎಳೆದುಕೊಳ್ಳುತ್ತಿದ್ದವು, ಕೈಗೂಡದೆ ಬೀಳಿಸುತ್ತಿದ್ದವು. ಕೊಕ್ಕಿನಲ್ಲೇ ಒಯ್ದರಾಯಿತು ಎಂಬಲ್ಲಿಗೆ ಅವು ತಲುಪಲು ವರ್ಷಗಳೇ ಹಿಡಿದವು. ರಕ್ತದಲ್ಲಿ ಬಂದ ಎರಡು ಅಭ್ಯಾಸಗಳು ಒಂದೇ ಮೈಯಲ್ಲಿ ಜಗಳವಾಡುವುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ. ನಮ್ಮ ಎರಡು ಚಿಟ್ಟುಗಿಳಿಗಳ ನಡುವೆ ಇಂಥ ಜಗಳಕ್ಕೆ ಕಾರಣವೇ ಇಲ್ಲ. ಎರಡೂ ಸೊಂಟಕ್ಕೇ ಸಿಕ್ಕಿಸಿಕೊಳ್ಳುವ ಮನೆತನದವು.

ಇಷ್ಟು ಸಾಮ್ಯವಿದ್ದೂ ಇವು ಎರಡು ಹೇಗಾದವು? ಈಗ ನಕ್ಷೆ ಬಿಡಿಸಿಕೊಳ್ಳಿ. ನಮ್ಮ ಚಿಟ್ಟುಗಿಳಿ ಪಶ್ಚಿಮಘಟ್ಟದುದ್ದಕ್ಕೂ ಇದೆ. ಪೂರ್ವಘಟ್ಟದ ಕಾಡುಗಳಲ್ಲಿದೆ. ಅಲ್ಲಿಂದ ಈಶಾನ್ಯ ರಾಜ್ಯಗಳು, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್ ದಾಟಿ ವಿಯೆಟ್ನಾಮಿನವರೆಗೂ ಇದೆ. ಬಂಗಾಳ ಕೊಲ್ಲಿಯ ಅಂಡಮಾನಿನಲ್ಲೂ ಇದೆ. ಕೊಡಗಿನಿಂದ ವಿಯೆಟ್ನಾಮಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಆ ತುದಿಯ ಹಕ್ಕಿಯನ್ನೂ ಈ ತುದಿಯ ಹಕ್ಕಿಯನ್ನೂ ಒಂದೇ ಪ್ರಭೇದವೆಂದು ಎಲ್ಲರೂ ಒಪ್ಪುತ್ತಾರೆ. ಘಟ್ಟದ ಹಕ್ಕಿಗೆ ಬೇರೆ ಉಪಪ್ರಭೇದದ ಹೆಸರು ಕೊಡುವ ಪ್ರಯತ್ನವೊಂದು ಹಿಂದೆ ನಡೆದಿತ್ತು. ಈಗ ಹೆಚ್ಚಿನವರು ಅದನ್ನೂ ಕೈಬಿಟ್ಟಿದ್ದಾರೆ. ಇತ್ತ ಅಗಸ್ತ್ಯಮಲೆಯಿಂದ ಲಂಕೆಯ ಮಳೆಕಾಡಿನ ಅಂಚಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಅಲ್ಲಿಯ ಹಕ್ಕಿ ಬೇರೆ ಪ್ರಭೇದ.

ಸಮುದ್ರವೇ ಕಾರಣ ಎಂದರೆ ಅಂಡಮಾನ್ ಎದ್ದು ನಿಂತು ಸಾಕ್ಷಿ ಹೇಳುತ್ತದೆ. ನೂರಾರು ಕಿಲೋಮೀಟರ್ ಆಳಸಮುದ್ರದ ನಡುವೆ ಅದೇ ಪ್ರಭೇದ ಉಳಿದಿದೆ. ಪಾಕ್ ಜಲಸಂಧಿಯಾದರೋ ಬಹುಪಾಲು ಹದಿನೈದು ಮೀಟರಿನೊಳಗಿನ ಆಳದ್ದು, ಧನುಷ್ಕೋಟಿಯಿಂದ ತಲೈಮನ್ನಾರಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಕೊನೆಯ ಹಿಮಯುಗದ ಉತ್ತುಂಗದಲ್ಲಿ, ಜಗತ್ತಿನ ನೀರು ಹಿಮಗಡ್ಡೆಯಾಗಿ ಕೂತು ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಲಂಕೆ ದ್ವೀಪವೇ ಅಲ್ಲ, ಭಾರತದ ತುದಿ. ಇಂಥ ಹಿಮಯುಗಗಳು ಹಲವು ಬಂದುಹೋಗಿವೆ. ಪ್ರತಿ ಬಾರಿಯೂ ನೆಲದ ದಾರಿ ತೆರೆದಿದೆ. ರೆಕ್ಕೆಯಿರುವ ಹಕ್ಕಿಗೆ ಅದು ಸಾಲದೇ ಹೋಯಿತೇ?

ಸಾಲದೇ ಹೋಯಿತು, ಏಕೆಂದರೆ ಸಮುದ್ರ ಇಳಿದ ಕಾಲವೇ ಮಳೆಯೂ ಇಳಿದ ಕಾಲ. ಹಿಮಯುಗಗಳಲ್ಲಿ ನೈರುತ್ಯ ಮುಂಗಾರು ಬಲಗುಂದುತ್ತಿತ್ತು. ನೆಲ ಮೇಲೆದ್ದ ಹೊತ್ತಿಗೆ ಆ ನೆಲದ ಮೇಲೆ ಹೂಬಿಡುವ, ಹಣ್ಣುಬಿಡುವ, ಪೊಟರೆಯಿರುವ ಹೆಮ್ಮರಗಳಿರಲಿಲ್ಲ. ಒಣ ಕುರುಚಲು ಹಬ್ಬಿತ್ತು. ಇಂದೂ ನೋಡಿ: ರಾಮನಾಥಪುರದಿಂದ ಜಾಫ್ನಾ, ಅನುರಾಧಪುರದವರೆಗೆ ಜಲಸಂಧಿಯ ಎರಡೂ ದಂಡೆ ಒಣಸೀಮೆಯೇ. ಸಿಂಹಳದ ಗಿಳಿ ಹೆಚ್ಚಾಗಿ ನೆಚ್ಚಿರುವುದು ದ್ವೀಪದ ನೈರುತ್ಯ ಮೂಲೆಯ ಮಳೆಸೀಮೆಯನ್ನು, ಸಿಂಹರಾಜ, ಕಿತುಲ್‌ಗಲ, ಕ್ಯಾಂಡಿ ಕಡೆಯ ಕಾಡು-ಹಿತ್ತಿಲುಗಳನ್ನು. ಮಳೆ ಇದ್ದಾಗ ಸಮುದ್ರ ಅಡ್ಡ, ಸಮುದ್ರ ಇಲ್ಲದಾಗ ಬರ ಅಡ್ಡ. ಎರಡೂ ಸರದಿಯ ಮೇಲೆ ಕಾವಲು ಕಾದವು.

ಘಟ್ಟಕ್ಕೂ ಈಶಾನ್ಯಕ್ಕೂ ನಡುವೆ ಕೂಡ ಒಣನೆಲವಿದೆಯಲ್ಲ, ಅಲ್ಲೇಕೆ ಬೇರೆಯಾಗಲಿಲ್ಲ ಎಂದು ನೀವು ಕೇಳಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಸುಂದರಲಾಲ್ ಹೋರಾ ತೊರೆಮೀನುಗಳನ್ನು ಹಿಡಿದುಕೊಂಡು ಇದೇ ಪ್ರಶ್ನೆ ಕೇಳಿದ್ದರು. ಹಿಂದೊಮ್ಮೆ ವಿಂಧ್ಯ-ಸಾತ್ಪುರ ಬೆಟ್ಟಸಾಲು ತೇವವಾಗಿದ್ದು ಹಿಮಾಲಯದ ಕಡೆಯ ಜೀವಿಗಳು ಆ ಮಾರ್ಗವಾಗಿ ಘಟ್ಟಕ್ಕೆ ಬಂದವು ಎಂಬುದು ಅವರ ಸಾತ್ಪುರ ಸಿದ್ಧಾಂತ. ಮೀನುಗಳ ಮಟ್ಟಿಗೆ ಅದರ ಬಗ್ಗೆ ಇಂದಿಗೂ ವಾದವಿದೆ. ಚಿಟ್ಟುಗಿಳಿಗೆ ಸಾತ್ಪುರ ಬೇಕಾಗಿಯೂ ಇಲ್ಲ; ಪೂರ್ವಘಟ್ಟ ಇಂದಿಗೂ ಮೆಟ್ಟಿಲಾಗಿ ನಿಂತಿದೆ. ಲಂಕೆಯ ದಾರಿಯಲ್ಲಿ ಅಂಥ ಬೆಟ್ಟದ ಮೆಟ್ಟಿಲಿಲ್ಲ.

ಈ ವಾದಕ್ಕೆ ಬೆಂಬಲ 2004ರಲ್ಲಿ ಸಿಕ್ಕಿತು. ಫ್ರಾಂಕಿ ಬೊಸೈಟ್ ಮತ್ತು ಸಂಗಡಿಗರು ಸಿಹಿನೀರಿನ ಏಡಿ, ಮೀನು, ಕಪ್ಪೆ, ನೆಲಹಾವು ಮುಂತಾದವನ್ನು ಪಶ್ಚಿಮಘಟ್ಟದಲ್ಲೂ ಲಂಕೆಯಲ್ಲೂ ಪರೀಕ್ಷಿಸಿ, ಹಿಮಯುಗಗಳಲ್ಲಿ ನೆಲ ಕೂಡಿದ್ದರೂ ಎರಡು ಕಡೆಯ ಜೀವಿಗಳು ಹೆಚ್ಚು ಬೆರೆಯಲಿಲ್ಲ ಎಂದು ತೋರಿಸಿದರು. ಅಲ್ಲಿಯವರೆಗೆ ಪಶ್ಚಿಮಘಟ್ಟ-ಶ್ರೀಲಂಕಾ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಜೀವವೈವಿಧ್ಯದ ಪುಸ್ತಕಗಳ ರೂಢಿಯಾಗಿತ್ತು. ಹಕ್ಕಿಗಳಲ್ಲೂ ಇಂಥ ಜೋಡಿಗಳಿವೆ: ನಮ್ಮ ಮಲಬಾರ್ ಬೂದು ಮಂಗಟ್ಟೆಗೆ ಅಲ್ಲಿ ಶ್ರೀಲಂಕಾ ಬೂದು ಮಂಗಟ್ಟೆ, ನಮ್ಮ ನೀಲಿರೆಕ್ಕೆಯ ಮಲಬಾರ್ ಗಿಳಿಗೆ ಅಲ್ಲಿ ಲೇಯಾರ್ಡ್ ಗಿಳಿ. ನನ್ನ ವಾದಕ್ಕೆ ಒಗ್ಗದವೂ ಇವೆ, ಮುಚ್ಚಿಡುವುದಿಲ್ಲ. ಕಪ್ಪೆಬಾಯಿ ಹಕ್ಕಿ ಎರಡೂ ಕಡೆ ಒಂದೇ ಪ್ರಭೇದ. ಮಲಬಾರ್ ಟ್ರೋಗನ್ನೂ ಹಾಗೇ, ಉಪಪ್ರಭೇದದ ಮಟ್ಟದಲ್ಲಷ್ಟೇ ಬೇರೆ. ದಟ್ಟ ಕಾಡು ಬಿಟ್ಟು ಕದಲದ ಇವು ಹೇಗೋ ದಾಟಿವೆ ಅಥವಾ ಬೇರೆಯಾಗದೆ ಉಳಿದಿವೆ. ಒಂದೇ ನಕ್ಷೆ ಎಲ್ಲ ಹಕ್ಕಿಗಳ ಜಾತಕವನ್ನೂ ಹೇಳುವುದಿಲ್ಲ.

ಇನ್ನು ಕಡೆಯ ತಕರಾರು: ಇವು ನಿಜಕ್ಕೂ ಎರಡು ಪ್ರಭೇದಗಳೇ? ಕೂಡಿ ಸಂತಾನ ಪಡೆಯುವವು ಒಂದು ಪ್ರಭೇದ, ಕೂಡದವು ಎರಡು ಎಂಬ ಅರ್ನ್‌ಸ್ಟ್ ಮೇಯರ್ ಅವರ ವ್ಯಾಖ್ಯೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕಾಡಿನಲ್ಲಿ ಎಂದೂ ಭೇಟಿಯಾಗದ ಹಕ್ಕಿಗಳಿಗೆ ಈ ಅಳತೆಗೋಲು ಉಪಯೋಗವಿಲ್ಲ. ಅಂಥವಕ್ಕೆಂದೇ 2010ರಲ್ಲಿ ಜೋಸೆಫ್ ಟೋಬಿಯಾಸ್ ಮತ್ತು ಸಂಗಡಿಗರು ಅಂಕಪದ್ಧತಿಯೊಂದನ್ನು ಮುಂದಿಟ್ಟರು: ಬಣ್ಣ, ಅಳತೆ, ಕೂಗು ಮುಂತಾದವುಗಳ ವ್ಯತ್ಯಾಸಕ್ಕೆ ಅಂಕ ಕೊಟ್ಟು ಒಟ್ಟು ಏಳು ಮುಟ್ಟಿದರೆ ಪ್ರಭೇದ ಬೇರೆ. ಪಾಸು-ಫೇಲಿನ ಈ ಲೆಕ್ಕ ನನಗೆ ಅಷ್ಟು ರುಚಿಸುವುದಿಲ್ಲ, ಆದರೆ ಬರೀ ಅಭಿಪ್ರಾಯದ ಮೇಲೆ ನಡೆಯುತ್ತಿದ್ದ ಜಗಳಕ್ಕೆ ಒಂದು ಶಿಸ್ತು ತಂದಿತು ಎಂಬುದನ್ನು ಒಪ್ಪಬೇಕು. ಕೆಂಪು ನೆತ್ತಿ, ಹೊನ್ನಿನ ಬೆನ್ನು, ಪೇಲವ ಗಂಟಲು, ಕೂಗಿನ ತುಸು ಭೇದ ಇಷ್ಟೂ ಸೇರಿ ಎರಡನ್ನು ಬೇರೆ ಇಡುವುದೇ ಸರಿ ಎಂಬ ಕಡೆಗೇ ನನ್ನ ಮತ. ಹೆಣ್ಣು ಗಂಡನ್ನು ಗುರುತಿಸುವುದು ತಲೆ-ಗಂಟಲುಗಳನ್ನು ಹತ್ತಿರದಿಂದ ನೋಡಿ ಇರಬೇಕು. ಗಂಡು ಹೆಣ್ಣಿಗೆ ಗುಟುಕು ಕೊಡುವ ಪ್ರಣಯದಲ್ಲಿ ಮುಖಕ್ಕೆ ಮುಖ ಎದುರಾಗಿರುತ್ತದೆ. ಬದಲಾವಣೆ ಬಂದಿರುವುದೂ ಅದೇ ಜಾಗದಲ್ಲಿ.

ನಮ್ಮ ಮಲೆನಾಡಿನಲ್ಲಿ ಕೆಂಪು ತಲೆಯ ಚಿಟ್ಟುಗಿಳಿ ಕಂಡೆ ಎಂದು ಫೋಟೊ ಕಳಿಸುವ ಉತ್ಸಾಹಿಗಳಿಗೆ ಒಂದು ಮಾತು. ಹೂವಿನಲ್ಲಿ ಮುಖ ತೂರಿಸುವ ಹಕ್ಕಿಯ ಹಣೆಗೆ ಪರಾಗ ಮೆತ್ತಿ ಹಳದಿ-ಕಿತ್ತಳೆಯಾಗಿ ಕಾಣುವುದುಂಟು. ಕೆಂಪು ನಿಜವಾದರೆ ಅದು ಗರಿಯ ಬುಡದಿಂದ ಬಂದಿರಬೇಕು, ಹಿಂದಲೆಯವರೆಗೂ ಹರಡಿರಬೇಕು.

ಎರಡೂ ಪ್ರಭೇದಗಳು ಸದ್ಯಕ್ಕೆ ಅಳಿವಿನಂಚಿನಲ್ಲಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಕನಿಷ್ಠ ಆತಂಕದ ವರ್ಗದಲ್ಲಿವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ದೇಶದ ಕಾಡುಹಕ್ಕಿಗಳ ಮಾರಾಟ 1990-91ರಿಂದ ನಿಷಿದ್ಧ. ಪಂಜರದಲ್ಲಿ ಕಾಳು ಹಾಕಿ ಸಾಕಬಹುದೆಂದು ಯಾರಾದರೂ ತಂದರೆ ಅದು ಬಾಳುವುದಿಲ್ಲ. ಹೂವು-ಹಣ್ಣಿನ ಹಕ್ಕಿ ಅದು. ಆದರೆ ಪಟ್ಟಿಯ ಸಮಾಧಾನದಲ್ಲಿ ಒಂದು ಸಂಗತಿ ಕಾಣುವುದಿಲ್ಲ. ಸಿಂಹಳದ ಗಿಳಿ ಹಿತ್ತಿಲಿನ ತೆಂಗು, ಕಿತುಲ್, ಹಲಸುಗಳ ನಡುವೆ ಬದುಕು ಕಂಡುಕೊಂಡಂತೆ ನಮ್ಮದು ಕಾಫಿ ತೋಟದ ನೆರಳುಮರಗಳಲ್ಲಿ ಬದುಕು ಕಂಡುಕೊಂಡಿದೆ. ಅಲ್ಲಿ ಹಾಲುವಾಣ, ಅತ್ತಿ, ಬೂರುಗ ಹೋಗಿ ಸಿಲ್ವರ್ ಓಕ್ ಬರುತ್ತಿದೆ. ಸಿಲ್ವರ್ ಓಕ್ ಹೂವಿನಲ್ಲಿ ಮಕರಂದವಿದೆ ನಿಜ, ಆದರೆ ವರ್ಷವಿಡೀ ಹೊಟ್ಟೆ ತುಂಬಿಸುವ ಹಣ್ಣಿಲ್ಲ, ಮೊಟ್ಟೆಯಿಡುವ ಪೊಟರೆಯೂ ಸುಲಭಕ್ಕೆ ಸಿಗುವುದಿಲ್ಲ.

ಚಿಟ್ಟುಗಿಳಿ ತಾನೇ ಪೊಟರೆ ಕೊರೆಯುವುದಿಲ್ಲ. ಒಣಗಿದ, ಲಡ್ಡಾದ ಮರಗಳಲ್ಲಿ ಸಿಕ್ಕ ತೂತನ್ನೇ ಮನೆ ಮಾಡಿಕೊಂಡು ಜನವರಿಯಿಂದ ಏಪ್ರಿಲ್ ಒಳಗೆ ಸಾಮಾನ್ಯವಾಗಿ ಮೂರು ಬಿಳಿ ಮೊಟ್ಟೆಗಳನ್ನಿಡುತ್ತದೆ. ಕಾಫಿ ಕೊಯ್ಲು ಮುಗಿದು ತೋಟದ ಮರಗಸಿ ಮಾಡಿಸುವುದೂ ಒಣಮರ ಕಡಿಸುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ಈ ಸಭೆಯಲ್ಲಿ ತೋಟವಿರುವವರು ಬಹಳ ಮಂದಿ ಇದ್ದೀರಿ. ಆಳುಗಳ ತಲೆಮೇಲೆ ಬೀಳುವಂಥ ಅಪಾಯದ ಮರವಾದರೆ ಕಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದ ಒಣಮರಗಳನ್ನು ಮುಂಗಾರು ಹಿಡಿಯುವವರೆಗೆ ಬಿಡಿ, ಸಾಧ್ಯವಾದರೆ ಎಕರೆಗೊಂದನ್ನು ಬಿಟ್ಟೇಬಿಡಿ. ಹೊಸ ನೆರಳಿಗೆ ಗಿಡ ನೆಡುವಾಗ ನಾಲ್ಕು ಹಾಲುವಾಣದ ಗೂಟವನ್ನೂ ಊರಿ.